ವೇಷ ಕಳಚಿದ ಮೇಲೆ ಎಲ್ಲಿಗೆ? ಸ್ಪ್ಯಾನಿಷ್ ಕಾದಂಬರಿಗಳ ಮಾರುವೇಷ ಮತ್ತು ಸಾಮಾಜಿಕ ನ್ಯಾಯ: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಪ್ಯಾನಿಷ್ ಭಾಷೆಯ ಕಾದಂಬರಿಗಳ ಬಗ್ಗೆ ಮಾತು ಬಂದಾಗಲೆಲ್ಲ ಸ್ನೇಹಿತರು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಕೆಲವಕ್ಕೆ ಉತ್ತರ ಉದ್ದ, ಕೆಲವಕ್ಕೆ ಎರಡೇ ಸಾಲು. ಕಥೆಯ ಕೊನೆ ಮೊದಲೇ ಗೊತ್ತಾಗಬಾರದು ಅನ್ನುವವರು ಸ್ವಲ್ಪ ನೋಡಿಕೊಂಡು ಓದಿ. ಕೊನೆಯನ್ನು ಮುಟ್ಟದೆ ಈ ವಿಷಯ ಮಾತಾಡೋಕೆ ಆಗುವುದಿಲ್ಲ.

ಮಾರುವೇಷಕ್ಕೂ ಸಾಮಾಜಿಕ ನ್ಯಾಯಕ್ಕೂ ಏನು ಸಂಬಂಧ?

ಮಾರುವೇಷ ಅಂದ ಕೂಡಲೇ ನಮಗೆ ನೆನಪಾಗುವುದು ರಾತ್ರಿ ಊರು ಸುತ್ತುವ ರಾಜ. ಕಂಬಳಿ ಹೊದ್ದು ಹೊರಡುತ್ತಾನೆ, ಪ್ರಜೆಗಳ ಕಷ್ಟ ಕೇಳುತ್ತಾನೆ, ಬೆಳಗಾದರೆ ಅರಮನೆಗೆ ವಾಪಸ್. ಸ್ಪ್ಯಾನಿಷ್ ಕಥೆಗಳಲ್ಲೂ ಇಂಥವರು ಇದ್ದಾರೆ. ಆದರೆ ಅಲ್ಲಿ ಇನ್ನೊಂದು ಥರದವರೂ ಇದ್ದಾರೆ. ಅವರಿಗೆ ವಾಪಸ್ ಹೋಗೋಕೆ ಅರಮನೆ ಇಲ್ಲ. ಹೊಟ್ಟೆ ತುಂಬಿಸಿಕೊಳ್ಳೋಕೆ, ದಾರಿಯಲ್ಲಿ ಒಬ್ಬರೇ ನಡೆಯೋಕೆ, ಬದುಕಿ ಉಳಿಯೋಕೆ ಅಂತ ವೇಷ ಹಾಕಿದವರು ಅವರು.

ಹಾಗಾಗಿ ಇಂಥ ಯಾವ ಕಾದಂಬರಿ ಕೈಗೆ ಬಂದರೂ ನಾನು ಒಂದೇ ಪ್ರಶ್ನೆ ಹಿಡಿದುಕೊಂಡು ಓದುತ್ತೇನೆ: ವೇಷ ಕಳಚಿದ ಮೇಲೆ ಇವರು ಎಲ್ಲಿಗೆ ಹೋಗುತ್ತಾರೆ? ಬಿಸಿ ಊಟಕ್ಕೆ, ಹೆಸರಿಗೆ, ಆಸ್ತಿಗೆ ಮರಳುವವರ ವೇಷ ಬೇರೆ. ಸಿಕ್ಕಿಬಿದ್ದರೆ ಏಟು, ಜೈಲು, ಸಾವು ಕಾದಿರುವವರ ವೇಷವೇ ಬೇರೆ. ಇದನ್ನು ಕೇಳಿಕೊಂಡರೆ ಒಂದು ಸಮಾಜ ಯಾರನ್ನು ಹೇಗೆ ನಡೆಸಿಕೊಳ್ಳುತ್ತದೆ ಅನ್ನುವುದು ತಾನಾಗಿಯೇ ಕಾಣುತ್ತದೆ.

ಆಧುನಿಕ ಕಾದಂಬರಿ ಅಂದರೆ ಎಲ್ಲಿಂದ ಲೆಕ್ಕ?

ನಾನು ಸ್ಪೇನಿನ ಕಾದಂಬರಿಕಾರ ಬೆನಿತೊ ಪೆರೆಸ್ ಗಾಲ್ದೋಸ್‌ರಿಂದ ಶುರು ಮಾಡುತ್ತೇನೆ. ಅವರ ‘ಮಿಸೆರಿಕೋರ್ದಿಯಾ’ ಬಂದದ್ದು 1897ರಲ್ಲಿ. ಹೆಸರಿನ ಅರ್ಥ ಕರುಣೆ. ತುಂಬ ಹಳೆಯದಲ್ವಾ ಅಂತ ಕೇಳಬಹುದು. ಓದಿ ನೋಡಿ, ನಿನ್ನೆ ಬರೆದ ಹಾಗಿದೆ.

ಮ್ಯಾಡ್ರಿಡ್‌ನ ಸಾನ್ ಸೆಬಾಸ್ಟಿಯನ್ ಚರ್ಚಿನ ಬಾಗಿಲಲ್ಲಿ ಕಥೆ ತೆರೆದುಕೊಳ್ಳುತ್ತದೆ. ಕೆಲವು ಮನುಷ್ಯರ ಹಾಗೆ ಈ ಚರ್ಚಿಗೂ ಎರಡು ಮುಖ ಇದೆ ಅನ್ನುವುದೇ ಮೊದಲ ಮಾತು. ಆ ಬಾಗಿಲಲ್ಲಿ ಭಿಕ್ಷುಕರ ಸಾಲು. ಅದರಲ್ಲಿ ಬೆನಿನಾ ಎಂಬ ವಯಸ್ಸಾದ ಹೆಂಗಸು. ಅವಳು ತನಗಾಗಿ ಬೇಡುತ್ತಿಲ್ಲ. ಮನೆಯಲ್ಲಿ ಅವಳ ಯಜಮಾನಿ ದೋನ್ಯಾ ಪಾಕಾ ಇದ್ದಾಳೆ. ಒಂದು ಕಾಲಕ್ಕೆ ಚೆನ್ನಾಗಿ ಬಾಳಿದವಳು, ಈಗ ಕೈಯಲ್ಲಿ ಕಾಸಿಲ್ಲ, ಮರ್ಯಾದೆಯ ಚಿಂತೆ ಮಾತ್ರ ಬಿಟ್ಟಿಲ್ಲ. ಕೆಲಸದವಳು ಭಿಕ್ಷೆ ಬೇಡಿ ತಂದದ್ದನ್ನು ತಾನು ಉಣ್ಣುತ್ತಿದ್ದೇನೆ ಅಂತ ಗೊತ್ತಾದರೆ ಅವಳಿಗೆ ತಡೆದುಕೊಳ್ಳೋಕೆ ಆಗುವುದಿಲ್ಲ. ಅದಕ್ಕೆ ಬೆನಿನಾ ಒಂದು ಸುಳ್ಳು ಕಟ್ಟುತ್ತಾಳೆ. ದೋನ್ ರೊಮುಆಲ್ದೊ ಅನ್ನುವ ಪಾದ್ರಿಯ ಮನೆಯಲ್ಲಿ ಅಡುಗೆ ಕೆಲಸ ಮಾಡುತ್ತಿದ್ದೇನೆ, ಅವರು ಕೊಟ್ಟದ್ದು ಇದು, ಅನ್ನುತ್ತಾಳೆ. ಅಂಥ ಪಾದ್ರಿ ಯಾರೂ ಇಲ್ಲ.

ಇಲ್ಲಿ ಮುಖವಾಡ ಇಲ್ಲ, ಕತ್ತಿ ಇಲ್ಲ. ಮನೆಯೊಳಗೆ ಗೌರವದ ಅಡುಗೆಯವಳು, ಬೀದಿಯಲ್ಲಿ ಭಿಕ್ಷುಕಿ. ಒಂದೇ ದಿನದಲ್ಲಿ ಎರಡು ಪಾತ್ರ. ಎರಡೂ ಬೇರೆಯವರ ಹೊಟ್ಟೆಗಾಗಿ.

ಆಮೇಲೆ ನಡೆಯುವುದೇ ಆಶ್ಚರ್ಯ. ನಿಜವಾಗಿಯೂ ರೊಮುಆಲ್ದೊ ಅನ್ನುವ ಪಾದ್ರಿ ಒಬ್ಬರು ಬಂದೇ ಬಿಡುತ್ತಾರೆ, ಯಜಮಾನಿಗೆ ಆಸ್ತಿ ಬಂದ ಸುದ್ದಿ ಹೊತ್ತು. ಅಷ್ಟರಲ್ಲಿ ಬೇಡಿದ್ದಕ್ಕಾಗಿ ಬೆನಿನಾಳನ್ನು ಹಿಡಿದುಕೊಂಡು ಹೋಗಿ ನಿರ್ಗತಿಕರ ಆಶ್ರಯಗೃಹದಲ್ಲಿ ಕೂಡಿಹಾಕಿರುತ್ತಾರೆ. ಬಿಡಿಸಿಕೊಂಡು ವಾಪಸ್ ಬಂದರೆ ಮನೆಯಲ್ಲಿ ಅವಳಿಗೆ ಜಾಗ ಇಲ್ಲ. ದುಡ್ಡು ಬಂತು, ಸೊಸೆ ಹುಲಿಯಾನಾ ಮನೆಯ ಯಜಮಾನಿಕೆ ವಹಿಸಿಕೊಂಡಳು, ಬೇಡಿ ಸಾಕಿದವಳು ಹೊರಗೆ. ಪ್ರತಿ ಸಲ ಓದಿದಾಗಲೂ ಆ ಭಾಗದಲ್ಲಿ ನನಗೆ ಗಂಟಲು ಕಟ್ಟುತ್ತದೆ.

ಗಾಲ್ದೋಸ್ ಸ್ವತಃ ವೇಷ ಹಾಕಿದ್ದರಂತೆ, ನಿಜವೇ?

ಹೌದು, ಅವರೇ ಬರೆದುಕೊಂಡಿದ್ದಾರೆ. 1913ರಲ್ಲಿ ‘ಮಿಸೆರಿಕೋರ್ದಿಯಾ’ ಮತ್ತೆ ಅಚ್ಚಾದಾಗ ಮುನ್ನುಡಿಯಲ್ಲಿ ಈ ವಿಷಯ ಇದೆ. ಮ್ಯಾಡ್ರಿಡ್‌ನ ದಕ್ಷಿಣದ ಬಡವರ ಕೇರಿಗಳನ್ನು ನೋಡೋಕೆ ಪೊಲೀಸರ ಜೊತೆ ಹೋದರು. ಅದು ಸಾಲಲಿಲ್ಲ. ಮನೆಗಳ ಒಳಗೆ ಹೋಗೋಕೆ ನಗರಸಭೆಯ ಆರೋಗ್ಯ ಇಲಾಖೆಯ ಡಾಕ್ಟರ್ ವೇಷ ಹಾಕಬೇಕಾಯಿತು.

ಇದರಲ್ಲಿ ನನಗೆ ಸ್ವಲ್ಪ ಕಸಿವಿಸಿ ಇದೆ. ಬಡವರ ಮನೆ ಬಾಗಿಲು ಸಾಹಿತಿಗೆ ತೆರೆಯುವುದಿಲ್ಲ, ಅಧಿಕಾರಿಗೆ ತೆರೆಯುತ್ತದೆ. ಭಯಕ್ಕೆ ತೆರೆಯುತ್ತದೆ. ಗಾಲ್ದೋಸ್ ಆ ಭಯವನ್ನು ಬಳಸಿಕೊಂಡರು, ಸಂಜೆಗೆ ಕೋಟು ಕಳಚಿ ತಮ್ಮ ಮೇಜಿಗೆ ಮರಳಿದರು. ಆದರೆ ಅಲ್ಲಿಂದ ತಂದದ್ದನ್ನು ಬೆನಿನಾಳಿಗೇ ಕೊಟ್ಟರು. ಆ ಪುಸ್ತಕದಲ್ಲಿ ಅವಳಿಗಿಂತ ಎತ್ತರದವರು ಯಾರೂ ಇಲ್ಲ. ಆ ಒಂದು ಕಾರಣಕ್ಕೆ ನಾನು ಅವರನ್ನು ಒಪ್ಪುತ್ತೇನೆ.

ಝೋರೋ ಸ್ಪ್ಯಾನಿಷ್ ಕಥೆ ಅಲ್ವಾ?

ಕಪ್ಪು ಮುಖವಾಡ ಹಾಕಿ ಅನ್ಯಾಯದ ವಿರುದ್ಧ ಕತ್ತಿ ಹಿಡಿಯುವ ಝೋರೋ ಹುಟ್ಟಿದ್ದು ಇಂಗ್ಲಿಷ್‌ನಲ್ಲಿ. ಅಮೆರಿಕದ ಜಾನ್‌ಸ್ಟನ್ ಮೆಕಲಿ 1919ರಲ್ಲಿ ಒಂದು ವಾರಪತ್ರಿಕೆಗೆ ಧಾರಾವಾಹಿಯಾಗಿ ಬರೆದ ಕಥೆ ಅದು. ಮರು ವರ್ಷವೇ ಡಗ್ಲಸ್ ಫೇರ್‌ಬ್ಯಾಂಕ್ಸ್ ಅದನ್ನು ಸಿನಿಮಾ ಮಾಡಿದರು. ಝೋರೋ ಅನ್ನುವ ಪದ ಮಾತ್ರ ಸ್ಪ್ಯಾನಿಷ್, ಅರ್ಥ ನರಿ.

ಸ್ಪೇನಿನಲ್ಲಿ ಇವನಿಗೊಬ್ಬ ತಮ್ಮ ಇದ್ದಾನೆ, ‘ಎಲ್ ಕೊಯೋತೆ’. ಬಾರ್ಸಿಲೋನಾದ ಹೊಸೆ ಮಯೋರ್ಕಿ 1943ರಲ್ಲಿ ಶುರು ಮಾಡಿದರು. ಮೊದಲ ಪುಸ್ತಕ ಬಂದದ್ದು ಕಾರ್ಟರ್ ಮಲ್ಫರ್ಡ್ ಅನ್ನುವ ಇಂಗ್ಲಿಷ್ ಹೆಸರಿನಲ್ಲಿ. ಅಂದರೆ ಬರೆದವರೇ ವೇಷ ಹಾಕಿದ್ದರು. ಆಮೇಲೆ ಸುಮಾರು 190 ಪುಸ್ತಕ ಬಂದವು. ಅಗ್ಗದ ಕಾಗದ, ಬಣ್ಣದ ರಕ್ಷಾಪುಟ. ಫ್ರಾಂಕೊ ಸರ್ವಾಧಿಕಾರದ ಕಾಲ. ಅಂತರ್ಯುದ್ಧ ಮುಗಿದು ಕೆಲವೇ ವರ್ಷ, ಊಟದ ಸಾಮಾನು ರೇಷನ್ ಚೀಟಿಯಲ್ಲಿ. ಅಂಥ ಊರಿನಲ್ಲಿ ಜನ ಕಾದು ಕೂತು ಓದಿದ್ದು ಇದನ್ನು: ಅಮೆರಿಕ ನುಂಗಿಕೊಂಡ ಕ್ಯಾಲಿಫೋರ್ನಿಯಾದಲ್ಲಿ, ಜಮೀನು ಕಳೆದುಕೊಳ್ಳುತ್ತಿರುವ ಹಳೆಯ ನಿವಾಸಿಗಳ ಪರ ನಿಲ್ಲುವ ಮುಖವಾಡದ ವೀರ. ಅವನೇ ದೋನ್ ಸೆಸರ್ ದೆ ಎಚಾಗುವೆ, ಊರಿನವರ ಕಣ್ಣಿಗೆ ಸೋಮಾರಿ, ಪುಕ್ಕಲ ಜಮೀನ್ದಾರ. ತಮ್ಮ ಊರಿನ ಅನ್ಯಾಯದ ಬಗ್ಗೆ ಬರೆಯೋಕೆ ಆಗದ ಕಾಲದಲ್ಲಿ ದೂರದ ಕ್ಯಾಲಿಫೋರ್ನಿಯಾ ಒಂದು ಒಳ್ಳೆಯ ಪರದೆ ಆಯಿತು ಅಂತ ನನ್ನ ಅನಿಸಿಕೆ.

ಜಮೀನ್ದಾರ ಮುಖವಾಡ ಹಾಕಿ ಬಡವರಿಗೆ ನ್ಯಾಯ ಕೊಡಿಸಿದರೆ ತಪ್ಪೇನು?

ತಪ್ಪಿಲ್ಲ. ಹಸಿದವರಿಗೆ ಯಾರು ಕೊಟ್ಟರೂ ಅನ್ನವೇ. ಆದರೆ ನನ್ನ ಪ್ರಶ್ನೆ ಇಟ್ಟು ನೋಡಿ. ರಾತ್ರಿ ಮುಖವಾಡ ತೆಗೆದ ಮೇಲೆ ದೋನ್ ಸೆಸರ್ ಎಲ್ಲಿಗೆ ಹೋಗುತ್ತಾನೆ? ದೊಡ್ಡ ಮನೆಗೆ. ಅಲ್ಲಿ ಆಳುಕಾಳು ಇದ್ದಾರೆ, ಅವರ ಕೂಲಿ ಎಷ್ಟು ಅಂತ ಕಥೆ ಕೇಳುವುದಿಲ್ಲ. ಕೆಟ್ಟ ಅಧಿಕಾರಿಗೆ ಶಿಕ್ಷೆ ಆಗುತ್ತದೆ, ಜಮೀನು ಯಾರ ಹೆಸರಿನಲ್ಲಿದೆಯೋ ಹಾಗೇ ಇರುತ್ತದೆ. ಅದು ದಾನ ಕೊಟ್ಟ ನ್ಯಾಯ. ಕೊಟ್ಟವನು ನಾಳೆ ಬರದಿದ್ದರೆ ಮುಗಿಯಿತು.

ಇಸಬೆಲ್ ಅಯೆಂದೆ ಝೋರೋ ಬರೆದಾಗ ಏನು ಬದಲಾಯಿತು?

ಕೆಲವರು ಅಲೆಂಡೆ ಅಂತ ಬರೆಯುತ್ತಾರೆ, ಅದೇ ಲೇಖಕಿ. 1942ರಲ್ಲಿ ಲಿಮಾದಲ್ಲಿ ಹುಟ್ಟಿದ ಚಿಲಿಯವರು. 1973ರ ಸೇನಾ ದಂಗೆಯ ನಂತರ ದೇಶ ಬಿಟ್ಟವರು. ಅವರ ‘ಎಲ್ ಝೋರೋ’ ಬಂದದ್ದು 2005ರಲ್ಲಿ. ಅವರು ಬರೆದದ್ದು ಝೋರೋ ಆಗುವುದಕ್ಕೆ ಮುಂಚಿನ ಕಥೆ.

ಮುಖ್ಯ ಬದಲಾವಣೆ ರಕ್ತದಲ್ಲಿದೆ. ಮುಂದೆ ಝೋರೋ ಆಗುವ ಅವರ ದಿಯೆಗೊ ದೆ ಲಾ ವೇಗನ ತಂದೆ ಸ್ಪೇನಿನ ಸೈನಿಕ, ತಾಯಿ ಕ್ಯಾಲಿಫೋರ್ನಿಯಾದ ಮೂಲನಿವಾಸಿ ಯೋಧೆ ತೊಯ್‌ಪುರ್ನಿಯಾ. ಅವಳು ಕ್ರೈಸ್ತ ಮಿಷನ್ ಮೇಲೆ ದಾಳಿ ಮಾಡಿದ ಪಡೆಯ ನಾಯಕಿ. ಆಮೇಲೆ ಅವಳಿಗೆ ರೆಹಿನಾ ಅಂತ ಬೇರೆ ಹೆಸರಿಟ್ಟು ಸ್ಪ್ಯಾನಿಷ್ ದೊರೆಸಾನಿ ಮಾಡುತ್ತಾರೆ. ಅಂದರೆ ಮಗ ಕಪ್ಪು ಮುಖವಾಡ ಹಾಕುವ ಎಷ್ಟೋ ವರ್ಷ ಮೊದಲೇ ತಾಯಿ ಒಂದು ವೇಷ ಹೊತ್ತುಕೊಂಡಿದ್ದಾಳೆ. ಅವಳಿಗೆ ಅದನ್ನು ಸಂಜೆ ಕಳಚಿಡುವ ಅವಕಾಶ ಇಲ್ಲ. ದಿಯೆಗೊನ ಹಾಲುಸಹೋದರ ಬೆರ್ನಾರ್ದೊ, ಅವನೂ ಮೂಲನಿವಾಸಿ, ತಾಯಿಯ ಕೊಲೆ ಕಂಡ ಮೇಲೆ ಮಾತೇ ನಿಲ್ಲಿಸಿದವನು.

ಇನ್ನೊಂದು ವಿಷಯ ನನಗೆ ತುಂಬ ಹಿಡಿಸಿತು. ಝೋರೋ ಒಬ್ಬನೇ ಅಲ್ಲ. ಬೆರ್ನಾರ್ದೊ ಆ ಬಟ್ಟೆ ತೊಡುತ್ತಾನೆ, ಇಸಬೆಲ್ ಅನ್ನುವ ಹುಡುಗಿಯೂ ತೊಡುತ್ತಾಳೆ. ಮುಖವಾಡ ಒಬ್ಬನ ಸ್ವತ್ತಲ್ಲ, ಧೈರ್ಯ ಇದ್ದವರು ಹಾಕಿಕೊಳ್ಳಬಹುದು. ಆದರೂ ಇದು ಸಾಹಸದ ಕಥೆ, ಓದೋಕೆ ಖುಷಿ, ನೋಯಿಸುವುದು ಕಡಿಮೆ. ಅಯೆಂದೆಯವರ ಅದಕ್ಕಿಂತ ಗಟ್ಟಿ ವೇಷದ ಕಥೆ ಬೇರೆ ಇದೆ, ಕೆಳಗೆ ಹೇಳಿದ್ದೇನೆ.

ಗಂಡುವೇಷ ಹಾಕುವ ಹೆಂಗಸರು ಈ ಭಾಷೆಯಲ್ಲಿ ಇಷ್ಟೊಂದು ಯಾಕೆ?

ಬದುಕಿನಲ್ಲೇ ಇದ್ದರು, ಅದಕ್ಕೆ. ಕಾನ್ಸೆಪ್ಸಿಯೋನ್ ಅರೆನಾಲ್ 1840ರ ದಶಕದ ಆರಂಭದಲ್ಲಿ ಮ್ಯಾಡ್ರಿಡ್‌ನಲ್ಲಿ ಕಾನೂನು ಪಾಠ ಕೇಳೋಕೆ ಗಂಡಸರ ಬಟ್ಟೆ ಹಾಕಿಕೊಂಡು ಹೋಗುತ್ತಿದ್ದರು. ಹೆಂಗಸರಿಗೆ ಆ ಬಾಗಿಲು ಮುಚ್ಚಿತ್ತು. ಮುಂದೆ ಜೈಲುಗಳ ಸುಧಾರಣೆಗೆ ಬದುಕು ಕೊಟ್ಟವರು ಅವರು.

ಅದಕ್ಕೂ ಹಿಂದಿನ ಹೆಸರು ಕಾತಲಿನಾ ದೆ ಎರಾವ್ಸೊ. 16ನೇ ಶತಮಾನದ ಕೊನೆಯಲ್ಲಿ ಸ್ಪೇನಿನ ಸಾನ್ ಸೆಬಾಸ್ಟಿಯನ್ ಊರಿನಲ್ಲಿ ಹುಟ್ಟಿದ ಬಾಸ್ಕ್ ಜನಾಂಗದ ಹುಡುಗಿ, ಮಠದಿಂದ ತಪ್ಪಿಸಿಕೊಂಡಳು. ಅವಳದೆಂದು ಹೇಳುವ ಆತ್ಮಕಥೆಯಲ್ಲಿ ಒಂದು ದೃಶ್ಯ ಇದೆ. ಊರಾಚೆಯ ಚೆಸ್ಟ್‌ನಟ್ ಮರಗಳ ತೋಪಿನಲ್ಲಿ ಮೂರು ದಿನ ಅಡಗಿ ಕೂತು ತನ್ನದೇ ಬಟ್ಟೆಯನ್ನು ಕತ್ತರಿಸಿ ಹೊಲಿಯುತ್ತಾಳೆ. ನೀಲಿ ಮೇಲುಲಂಗ ಚಡ್ಡಿಯಾಗುತ್ತದೆ, ಹಸಿರು ಒಳಲಂಗ ಅಂಗಿಯಾಗುತ್ತದೆ. ಹೊಸ ಬಟ್ಟೆ ತಂದದ್ದಲ್ಲ. ಕೈಯಲ್ಲಿದ್ದ ಹೆಣ್ಣುಬಟ್ಟೆಯೇ ಗಂಡುಬಟ್ಟೆಯಾಯಿತು. ಕತ್ತರಿ, ಸೂಜಿ, ದಾರ, ಮೂರು ದಿನ, ಅಷ್ಟೇ ವ್ಯತ್ಯಾಸ!

ಆದರೆ ಇವರ ಕಥೆಯನ್ನು ಸುಮ್ನೆ ಹೊಗಳೋಕೆ ನನಗೆ ಮನಸ್ಸು ಬರುವುದಿಲ್ಲ. ಎರಾವ್ಸೊ ಅಮೆರಿಕ ಖಂಡಕ್ಕೆ ಹೋಗಿ ಸೈನಿಕನಾಗಿ ಚಿಲಿಯ ಮಾಪುಚೆ ಜನರ ಮೇಲೆ ಯುದ್ಧ ಮಾಡಿದರು. ಆಮೇಲೆ ಪೋಪ್ ಎಂಟನೇ ಅರ್ಬನ್ ಗಂಡುಬಟ್ಟೆಯಲ್ಲೇ ಇರೋಕೆ ಅನುಮತಿ ಕೊಟ್ಟರು. ತನಗೆ ಸ್ವಾತಂತ್ರ್ಯ, ಬೇರೆಯವರಿಗೆ ಕತ್ತಿ. ಅರ್ಜೆಂಟೀನಾದ ಗಾಬ್ರಿಯೆಲಾ ಕಬೆಸೋನ್ ಕಾಮರಾ 2023ರ ‘ಲಾಸ್ ನಿನ್ಯಾಸ್ ದೆಲ್ ನಾರಾನ್‌ಹೆಲ್’ನಲ್ಲಿ ಈ ಗಾಯವನ್ನೇ ಮುಟ್ಟುತ್ತಾರೆ. ಅಲ್ಲಿ ಎರಾವ್ಸೊ ಅಂತೋನಿಯೊ ಆಗಿ ಗುವಾರನಿ ಮೂಲನಿವಾಸಿಗಳ ಇಬ್ಬರು ಪುಟ್ಟ ಹುಡುಗಿಯರನ್ನು ಕಾಪಾಡಿ ಕಾಡಿನಲ್ಲಿ ನಡೆಯುತ್ತ, ಮಠದ ಮುಖ್ಯಸ್ಥೆಯಾದ ಚಿಕ್ಕಮ್ಮನಿಗೆ ಪತ್ರ ಬರೆಯುತ್ತಾರೆ. ಆ ಮಕ್ಕಳು ನಡುನಡುವೆ ಪ್ರಶ್ನೆ ಕೇಳುತ್ತಲೇ ಇರುತ್ತಾರೆ, ಮಕ್ಕಳು ಕೇಳುವ ಹಾಗೇ, ಬಿಡದೆ. ಪತ್ರ ನಿಲ್ಲುತ್ತದೆ, ಉತ್ತರ ಕೊಡಬೇಕಾಗುತ್ತದೆ.

‘ಹಿಹಾ ದೆ ಲಾ ಫೊರ್ತುನಾ’ ಬರೀ ಪ್ರೇಮಕಥೆ ಅಲ್ವಾ?

ಶುರುವಿನಲ್ಲಿ ಹಾಗೇ ಅನಿಸುತ್ತದೆ. ಅಯೆಂದೆಯವರ 1999ರ ಕಾದಂಬರಿ ಇದು, ಹೆಸರಿನ ಅರ್ಥ ಅದೃಷ್ಟದ ಮಗಳು. ಚಿಲಿಯ ವಾಲ್ಪರೈಸೊ ಬಂದರಿನಲ್ಲಿ ಇಂಗ್ಲಿಷರ ಮನೆ ಬಾಗಿಲಿಗೆ ಸಾಬೂನು ಪೆಟ್ಟಿಗೆಯಲ್ಲಿ ಬಂದ ಮಗು ಎಲೈಸಾ. ದೊಡ್ಡವಳಾಗಿ ಹೊವಾಕಿನ್ ಎಂಬ ಬಡ ಗುಮಾಸ್ತನನ್ನು ಪ್ರೀತಿಸುತ್ತಾಳೆ. ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕಿದೆ ಅಂತ ಅವನು ಹಡಗು ಹತ್ತುತ್ತಾನೆ. 1849ರಲ್ಲಿ ಬಸುರಿ ಎಲೈಸಾ ಅವನ ಹಿಂದೆ ಹೊರಡುತ್ತಾಳೆ. ಹಡಗಿನ ಅಡಿಯ ಸರಕಿನ ಕೋಣೆಯಲ್ಲಿ ಕತ್ತಲೆಯಲ್ಲಿ ಅಡಗಿ ಕೂತ ಅವಳನ್ನು ಬದುಕಿಸುವುದು ಚೀನೀ ವೈದ್ಯ ತಾವೋ ಚಿಯೆನ್. ಮಗು ಹೋಗುತ್ತದೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅವಳು ಇಳಿಯುವುದು ಚೀನೀ ಹುಡುಗನ ಬಟ್ಟೆಯಲ್ಲಿ.

ಇಲ್ಲಿ ಸ್ವಲ್ಪ ನಿಂತು ನೋಡಿ. ಎಲೈಸಾ ಬಿಟ್ಟದ್ದು ಎರಡು: ಹೆಣ್ಣುತನ ಮತ್ತು ಬಿಳಿಯರ ಮನೆಯ ಹುಡುಗಿ ಅನ್ನುವ ಗೌರವ. ಒಂದನ್ನು ಬಿಟ್ಟದ್ದಕ್ಕೆ ದಾರಿ ತೆರೆಯಿತು. ಇನ್ನೊಂದನ್ನು ಬಿಟ್ಟದ್ದಕ್ಕೆ ಅವಳಿಗೆ ಬೇರೆ ಲೋಕ ಕಂಡಿತು. ಆಗಿನ ಕ್ಯಾಲಿಫೋರ್ನಿಯಾದ ಕಾನೂನು ಯಾವ ಥರದ್ದು ಅಂದರೆ, 1850ರಲ್ಲಿ ವಿದೇಶಿ ಗಣಿಗಾರರ ಮೇಲೆ ತಿಂಗಳಿಗೆ 20 ಡಾಲರ್ ತೆರಿಗೆ ಹಾಕಿದರು. ಮೆಕ್ಸಿಕೊ, ಚಿಲಿ, ಪೆರುವಿನವರನ್ನು ಓಡಿಸೋಕೆ ಅದು ಸಾಕಾಯಿತು. 1854ರಲ್ಲಿ ಚೀನೀಯರು ಬಿಳಿಯನ ವಿರುದ್ಧ ಸಾಕ್ಷಿ ಹೇಳುವಂತಿಲ್ಲ ಅಂತ ಅಲ್ಲಿನ ಸರ್ವೋಚ್ಚ ನ್ಯಾಯಾಲಯವೇ ತೀರ್ಪು ಕೊಟ್ಟಿತು. ಕಣ್ಣಾರೆ ಕಂಡ ಕೊಲೆಯನ್ನೂ ಹೇಳೋಕೆ ಬಾಯಿ ಇಲ್ಲ. ಅಂಥ ಜನರ ಬಟ್ಟೆಯನ್ನು ಎಲೈಸಾ ತೊಟ್ಟಿದ್ದಾಳೆ.

ಅವಳು ಹುಡುಕಿಕೊಂಡು ಬಂದ ಹೊವಾಕಿನ್ ಸಿಗುವುದಿಲ್ಲ. ಹುಡುಕಾಟ ನಿಧಾನವಾಗಿ ಬೇರೆ ಕೆಲಸ ಆಗುತ್ತದೆ. ಚೀನಾದಿಂದ ಮಾರಿ ತಂದು ಕೂಡಿಹಾಕಿದ ಚಿಕ್ಕ ಹುಡುಗಿಯರನ್ನು ಬಿಡಿಸುವ ಕೆಲಸ, ತಾವೋ ಜೊತೆಗೆ. ಕೊನೆಗೆ ಅವಳು ಹೆಣ್ಣುಬಟ್ಟೆಗೆ ಮರಳುತ್ತಾಳೆ. ಆದರೆ ವಾಲ್ಪರೈಸೊದ ಮನೆಗೆ ಮರಳುವುದಿಲ್ಲ. ವೇಷ ಕಳಚಿದ್ದಾಯಿತು, ಹಳೆಯ ಹುಡುಗಿ ಅಲ್ಲಿಲ್ಲ. ಈ ಕಾರಣಕ್ಕೆ ನಾನು ಇದನ್ನು ಅವರ ಝೋರೋಗಿಂತ ಮೇಲೆ ಇಡುತ್ತೇನೆ.

ಬಟ್ಟೆ ಬದಲಿಸಿದರೆ ಜಾತಿ, ಬಣ್ಣ ಬದಲಾಗುತ್ತದೆಯೇ?

ಈ ಪ್ರಶ್ನೆಯನ್ನೇ ಮೆಕ್ಸಿಕೊದ ಕಾರ್ಮೆನ್ ಬೌಯೋಸಾ 1994ರ ‘ದುಯೆರ್ಮೆ’ಯಲ್ಲಿ ಎತ್ತಿಕೊಂಡಿದ್ದಾರೆ. 1571ರ ಮೆಕ್ಸಿಕೊ ನಗರ. ಕ್ಲೇರ್ ಎಂಬ ಫ್ರೆಂಚ್ ಹೆಂಗಸು ಗಂಡುವೇಷದಲ್ಲಿ ಬದುಕುತ್ತಿದ್ದಾಳೆ. ಗಲ್ಲಿಗೇರಬೇಕಾದ ಒಬ್ಬ ಶ್ರೀಮಂತನ ಬದಲಿಗೆ ಅವನ ಬಟ್ಟೆ ತೊಡಿಸಿ ಇವಳನ್ನು ಕಳಿಸುತ್ತಾರೆ. ಮೂಲನಿವಾಸಿ ಹೆಂಗಸೊಬ್ಬಳು ಅವಳ ರಕ್ತದ ಜಾಗದಲ್ಲಿ ಹಳೆಯ ಸರೋವರಗಳ ಶುದ್ಧ ನೀರು ತುಂಬುತ್ತಾಳೆ. ಕ್ಲೇರ್ ಸಾಯುವುದಿಲ್ಲ. ಆಮೇಲೆ ತಪ್ಪಿಸಿಕೊಳ್ಳೋಕೆ ಮೂಲನಿವಾಸಿಯರ ಬಟ್ಟೆ ತೊಟ್ಟು ಬೀದಿಗೆ ಬರುತ್ತಾಳೆ.

ಅದೇ ಮುಖ, ಅದೇ ಮೈ. ನಿನ್ನೆ ಗಂಡಸಿನ ಕೋಟಿನಲ್ಲಿದ್ದಾಗ ದಾರಿ ಬಿಟ್ಟವರು ಇವತ್ತು ದಾರಿ ಬಿಡುವುದಿಲ್ಲ. ಜನ ನೋಡುವುದು ಬಟ್ಟೆಯನ್ನು ಮಾತ್ರ. ಪುಟ್ಟ ಪುಸ್ತಕ, ಆದರೆ ಸುಲಭ ಅಲ್ಲ. ಮೊದಲ ಪುಟಗಳಲ್ಲಿ ಯಾರು ಯಾರನ್ನು ಎಲ್ಲಿಗೆ ಹೊತ್ತೊಯ್ಯುತ್ತಿದ್ದಾರೆ ಅಂತ ಗೊತ್ತಾಗುವುದೇ ಇಲ್ಲ. ಬಿಡದೆ ಮುಂದೆ ಹೋಗಿ.

ದೊನೊಸೊ ಅವರ ಮಾನ್ವೆಲಾ ಹಾಕಿದ್ದು ಹೆಣ್ಣುವೇಷ ತಾನೇ?

ಅಲ್ಲ. ಈ ಪ್ರಶ್ನೆ ಜಾಸ್ತಿ ಸಲ ಬರುತ್ತದೆ, ಅದಕ್ಕೇ ಇಲ್ಲಿ ಹಾಕಿದ್ದೇನೆ. ಚಿಲಿಯ ಹೊಸೆ ದೊನೊಸೊ 1966ರಲ್ಲಿ ಬರೆದ ‘ಎಲ್ ಲುಗಾರ್ ಸಿನ್ ಲಿಮಿತೆಸ್’ ಒಂದು ಸಾಯುತ್ತಿರುವ ಹಳ್ಳಿಯ ಕಥೆ. ಊರಿನ ಹೆಸರು ಎಲ್ ಒಲಿವೊ. ಕರೆಂಟ್ ಬರಲಿಲ್ಲ, ಬರುವುದೂ ಇಲ್ಲ. ಜಮೀನ್ದಾರ ದೋನ್ ಅಲೆಹೊಗೆ ಊರು ಖಾಲಿಯಾಗಿ ದ್ರಾಕ್ಷಿತೋಟ ಆಗಬೇಕು. ಆ ಊರಿನ ಒಂದು ವೇಶ್ಯಾಗೃಹದಲ್ಲಿ ವಯಸ್ಸಾದ ಮಾನ್ವೆಲಾ ಇದ್ದಾಳೆ. ಗಂಡು ದೇಹದಲ್ಲಿ ಹುಟ್ಟಿದವಳು, ತನ್ನನ್ನು ಹೆಣ್ಣೆಂದೇ ಕರೆದುಕೊಳ್ಳುವವಳು, ಕುಣಿಯುವವಳು.

ಅವಳ ಹತ್ತಿರ ಒಂದು ಕೆಂಪು ಬಟ್ಟೆ ಇದೆ. ಸ್ಪೇನಿನ ಕುಣಿತದವರು ಹಾಕುವಂಥ ಝಾಲರಿಯ ಲಂಗ. ಹಿಂದೊಮ್ಮೆ ಗಲಾಟೆಯಲ್ಲಿ ಹರಿದದ್ದು. ಲಾರಿ ಓಡಿಸುವ ಪಾಂಚೊ ವೇಗ ಊರಿಗೆ ಬಂದಿದ್ದಾನೆ, ಅವಳಿಗೆ ಅವನ ಭಯ ಇದೆ. ಭಯದ ನಡುವೆಯೂ ಅವಳ ಚಿಂತೆ ಆ ಹರಿದ ಜಾಗ ಹೊಲಿಯೋಕೆ ಅದೇ ಬಣ್ಣದ ಕೆಂಪು ದಾರ ಬೇಕು ಅನ್ನುವುದು. ಇಡೀ ದಿನ ಆ ದಾರದ ಸುತ್ತ ನಡೆಯುತ್ತದೆ.

ಆ ಲಂಗ ಅವಳ ನಿಜ. ವೇಷ ಹಾಕಿರುವವನು ಪಾಂಚೊ. ಅವನಿಗೆ ಮಾನ್ವೆಲಾಳ ಮೇಲೆ ಆಸೆ ಇದೆ. ಅದು ಬೇರೆ ಗಂಡಸಿನ ಕಣ್ಣಿಗೆ ಬಿದ್ದ ಕ್ಷಣ ಅವನ ಗಂಡಸುತನದ ಮುಖವಾಡ ಜಾರುತ್ತದೆ. ಜಾರಿದ್ದನ್ನು ಮತ್ತೆ ಕಟ್ಟಿಕೊಳ್ಳೋಕೆ ಅವನು ಅವಳನ್ನು ಅಟ್ಟಿಸಿಕೊಂಡು ಹೋಗಿ ಹೊಡೆಯುತ್ತಾನೆ. ಅವಳಿಗೆ ಓಡಿಹೋಗೋಕೆ ಜಾಗ ಇಲ್ಲ. ಅವನಿಗೆ ಮಾತ್ರ ಲಾರಿ ಇದೆ.

‘ಚೀನಾ ಐರನ್’ ಓದೋಕೆ ಮೊದಲು ಮೂಲ ಕಾವ್ಯ ಓದಬೇಕಾ?

ಬೇಕಿಲ್ಲ, ಇಷ್ಟು ಗೊತ್ತಿದ್ದರೆ ಸಾಕು. ‘ಮಾರ್ತಿನ್ ಫಿಯೆರ್ರೊ’ ಅರ್ಜೆಂಟೀನಾದ ರಾಷ್ಟ್ರಕಾವ್ಯ ಅಂತಲೇ ಹೆಸರಾದದ್ದು. ಹೊಸೆ ಎರ್ನಾಂದೆಸ್ 1872ರಲ್ಲಿ ಮೊದಲ ಭಾಗ ಪ್ರಕಟಿಸಿದರು. ಬಲವಂತವಾಗಿ ಸೈನ್ಯಕ್ಕೆ ಎಳೆದೊಯ್ದ ಗೌಚೊ, ಅಂದರೆ ಹುಲ್ಲುಗಾವಲಿನ ಕುದುರೆ ಸವಾರನ ಗೋಳು ಅದರಲ್ಲಿದೆ. ಅವನ ಹೆಂಡತಿಗೆ ಆ ಕಾವ್ಯದಲ್ಲಿ ಹೆಸರೇ ಇಲ್ಲ.

ಕಬೆಸೋನ್ ಕಾಮರಾ 2017ರ ‘ಚೀನಾ ಐರನ್’ ಕಾದಂಬರಿಯಲ್ಲಿ ಆ ಹೆಂಡತಿಯ ಬಾಯಲ್ಲಿ ಕಥೆ ಹೇಳಿಸಿದರು. ಇಸ್ಪೀಟಾಟದಲ್ಲಿ ಫಿಯೆರ್ರೊ ಗೆದ್ದುಕೊಂಡ ಹುಡುಗಿ ಇವಳು. ಇನ್ನೂ ಹದಿನಾಲ್ಕು ದಾಟುವ ಮೊದಲೇ ಎರಡು ಮಕ್ಕಳ ತಾಯಿ. ಎಲ್ಲರೂ ಕರೆಯುವುದು ಚೀನಾ ಅಂತ. ಅದು ಆ ಕಡೆ ಹೆಂಗಸಿಗೆ, ಕೆಲಸದವಳಿಗೆ ಅನ್ನುವ ಪದ. ಗಂಡನನ್ನು ಸೈನ್ಯ ಎಳೆದೊಯ್ದ ಮೇಲೆ ಬ್ರಿಟನ್ನಿನ ಲಿಜ್ ಎಂಬವಳ ಗಾಡಿ ಹತ್ತುತ್ತಾಳೆ, ಜೊತೆಗೊಂದು ನಾಯಿಮರಿ. ಅಲ್ಲಿ ಅವಳಿಗೆ ಮೊದಲ ಸಲ ಒಂದು ಹೆಸರು ಸಿಗುತ್ತದೆ. ಕೂದಲು ಕತ್ತರಿಸಿ ಲಿಜ್ ಗಂಡನ ಬಟ್ಟೆ ತೊಟ್ಟು ಹುಡುಗನಾಗುತ್ತಾಳೆ.

ನಡುವಿನ ಭಾಗದಲ್ಲಿ ಕೋಟೆಯ ಯಜಮಾನನಾಗಿ ಬರುವುದು ಸಾಕ್ಷಾತ್ ಎರ್ನಾಂದೆಸ್. ಕುಡಿದಾಗ ಒಪ್ಪಿಕೊಳ್ಳುತ್ತಾನೆ, ಹಾಡುಗಳನ್ನು ಫಿಯೆರ್ರೊನಿಂದ ಕದ್ದೆ ಅಂತ. ಬಡವನ ದನಿಯಲ್ಲಿ ಹಾಡಿದ ಸಾಹುಕಾರ! ಅದಕ್ಕಿಂತ ದೊಡ್ಡ ವೇಷ ಈ ಪುಸ್ತಕದಲ್ಲಿ ಇಲ್ಲ. ಕೊನೆಯಲ್ಲಿ ಅವಳು ಮೂಲನಿವಾಸಿಗಳ ನಡುವೆ, ನದಿಯ ದ್ವೀಪಗಳಲ್ಲಿ ನೆಲೆಸುತ್ತಾಳೆ. ಅಲ್ಲಿ ಯಾರಿಗೂ ಇಂಥದೇ ಬಟ್ಟೆ ಅಂತ ಇಲ್ಲ. 1870ರ ದಶಕದ ಕೊನೆಯಿಂದ ಅರ್ಜೆಂಟೀನಾ ಸೈನ್ಯ ಅಂಥ ಜನರನ್ನೇ ಕೊಂದು ಓಡಿಸಿತು ಅನ್ನುವುದನ್ನು ನೆನಪಿಟ್ಟುಕೊಂಡು ಆ ಪುಟಗಳನ್ನು ಓದಿ. ಇದರ ಇಂಗ್ಲಿಷ್ ಅನುವಾದ 2020ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿಯ ಅಂತಿಮ ಪಟ್ಟಿಗೆ ಬಂದಿತ್ತು.

ಸಪಟಿಸ್ಟರ ಮುಖಗವಸು ಕಾದಂಬರಿಗೆ ಹೇಗೆ ಬಂತು?

1994ರ ಜನವರಿ 1ರಂದು ಮೆಕ್ಸಿಕೊದ ಚಿಯಾಪಾಸ್‌ನಲ್ಲಿ ಮೂಲನಿವಾಸಿ ರೈತರು ಬಂಡೆದ್ದರು. ಇವರೇ ಸಪಟಿಸ್ಟರು. ಮುಖಕ್ಕೆ ಕಪ್ಪು ಉಣ್ಣೆಯ ಗವಸು, ಇಲ್ಲವೇ ಕೆಂಪು ಕರವಸ್ತ್ರ. ಮುಖ ತೆರೆದಿದ್ದಾಗ ನಮ್ಮನ್ನು ಯಾರೂ ನೋಡಲಿಲ್ಲ, ಮುಚ್ಚಿದ ಮೇಲೆ ನೋಡಿದರು ಅನ್ನುವುದು ಅವರ ಮಾತಿನ ಸಾರ. 2001ರ ಮಾರ್ಚ್‌ನಲ್ಲಿ ಕಮಾಂಡಂಟಾ ಎಸ್ತೆರ್ ಆ ಗವಸಿನಲ್ಲೇ ಮೆಕ್ಸಿಕೊ ಸಂಸತ್ತಿನಲ್ಲಿ ನಿಂತು ಮಾತಾಡಿದರು.

ಅವರ ವಕ್ತಾರ ಸಬ್‌ಕಮಾಂಡಂಟ್ ಮಾರ್ಕೋಸ್, ಪತ್ತೇದಾರಿ ಲೇಖಕ ಪಾಕೊ ಇಗ್ನಾಸಿಯೊ ತೈಬೊ ಜೊತೆ ಸೇರಿ ‘ಮುಯೆರ್ತೋಸ್ ಇನ್‌ಕೊಮೊದೋಸ್’ ಬರೆದರು. ಒಂದು ಅಧ್ಯಾಯ ಇವರದು, ಮುಂದಿನದು ಅವರದು. 2004ರ ಕೊನೆಯಿಂದ ‘ಲಾ ಹೊರ್ನಾದಾ’ ಪತ್ರಿಕೆಯಲ್ಲಿ ಬಂತು. ಕಾದಂಬರಿಯಾಗಿ ಅಲ್ಲಲ್ಲಿ ಸಡಿಲ, ಒಪ್ಪುತ್ತೇನೆ. ಆದರೆ ಸಪಟಿಸ್ಟ್ ಪತ್ತೇದಾರ ಎಲಿಯಾಸ್ ಕೊಂತ್ರೆರಾಸ್ ದೊಡ್ಡ ನಗರಕ್ಕೆ ಬಂದು ದಾರಿ ಹುಡುಕುವ ಭಾಗಗಳು ನನಗೆ ಬಹಳ ಇಷ್ಟ. ಹಳ್ಳಿಯಿಂದ ಮೊದಲ ಸಲ ದೊಡ್ಡ ಬಸ್ ಸ್ಟ್ಯಾಂಡಿನಲ್ಲಿ ಇಳಿದವರಿಗೆ ಆ ಎದೆಬಡಿತ ಗೊತ್ತು.

ಜಮೀನ್ದಾರನ ಮುಖವಾಡ ಅವನೊಬ್ಬನನ್ನು ಬೇರೆ ಮಾಡುತ್ತದೆ. ಇಲ್ಲಿ ಎಲ್ಲರದ್ದೂ ಒಂದೇ ಗವಸು. 2014ರಲ್ಲಿ ಮಾರ್ಕೋಸ್ ಇನ್ನು ಮುಂದೆ ಇಲ್ಲ, ಅದೊಂದು ಕಟ್ಟಿದ ಪಾತ್ರವಾಗಿತ್ತು ಅಂತ ಅವರೇ ಘೋಷಿಸಿದರು. ಹತ್ಯೆಯಾದ ತಮ್ಮ ಸಂಗಾತಿಯ ಹೆಸರು ತೆಗೆದುಕೊಂಡು ಗಲೆಯಾನೊ ಆದರು.

ಇವುಗಳನ್ನು ಕನ್ನಡಕ್ಕೆ ತಂದರೆ ವೇಷ ಉಳಿಯುತ್ತದೆಯೇ?

ಒಂದು ಕಡೆ ಉಳಿಯುತ್ತದೆ, ಒಂದು ಕಡೆ ಬಯಲಾಗುತ್ತದೆ. ಸ್ಪ್ಯಾನಿಷ್‌ನಲ್ಲಿ ‘ನಾನು ದಣಿದಿದ್ದೇನೆ’ ಅನ್ನೋಕೆ ಗಂಡಸು ಕಾನ್ಸಾದೊ ಅನ್ನುತ್ತಾನೆ, ಹೆಂಗಸು ಕಾನ್ಸಾದಾ ಅನ್ನುತ್ತಾಳೆ. ಬಾಯಿ ತೆರೆದರೆ ಗೊತ್ತಾಗಿಬಿಡುತ್ತದೆ. ಎರಾವ್ಸೊ ಆತ್ಮಕಥೆಯಲ್ಲಿ ಒಮ್ಮೆ ಹೀಗೆ, ಒಮ್ಮೆ ಹಾಗೆ ಬರುತ್ತದೆ. ಓದುವವರಿಗೆ ಅಲ್ಲೇ ಅರ್ಧ ಕಥೆ. ಕನ್ನಡದಲ್ಲಿ ‘ದಣಿದಿದ್ದೇನೆ’ ಅಂದರೆ ಯಾರಾದರೂ ಆಗಬಹುದು. ಆ ಜಾರುವಿಕೆ ನಮ್ಮಲ್ಲಿ ಕಾಣುವುದೇ ಇಲ್ಲ.

ಬೇರೆಯವರ ಬಗ್ಗೆ ಹೇಳುವಾಗ ಉಲ್ಟಾ. ಸ್ಪ್ಯಾನಿಷ್ ಕ್ರಿಯಾಪದಕ್ಕೆ ಲಿಂಗ ಇಲ್ಲ, ನಮ್ಮದಕ್ಕೆ ಇದೆ. ಹುಡುಗನ ಬಟ್ಟೆಯ ಎಲೈಸಾ ಗಣಿಗಾರರ ನಡುವೆ ‘ಬಂದಳು’ ಅಂದರೆ ವೇಷ ಅಲ್ಲೇ ಕಳಚಿತು, ‘ಬಂದ’ ಅಂದರೆ ಓದುಗರಿಗೆ ಸುಳ್ಳು ಹೇಳಿದ ಹಾಗಾಯಿತು. ‘ಬಂದರು’ ಅಂದರೆ ಗೌರವ ಜಾಸ್ತಿಯಾಗಿ ಕಥೆಯ ಸಲುಗೆ ಹೋಗುತ್ತದೆ. ಮೇಲೆ ಎರಾವ್ಸೊ ಬಗ್ಗೆ ಬರೆಯುವಾಗ ನಾನೂ ಮಠದ ಹುಡುಗಿಗೆ ‘ಅವಳು’ ಅಂತ, ಸೈನಿಕನಾದ ಮೇಲೆ ‘ಅವರು’ ಅಂತ ಬರೆದಿದ್ದೇನೆ. ಬೇಕೆಂದೇ. ಮಾನ್ವೆಲಾಗೆ ಮಾತ್ರ ‘ಅವಳು’ ಬಿಟ್ಟು ಬೇರೆ ಪದ ನನಗೆ ಬರಲ್ಲ.

ಮಕ್ಕಳಿಗೆ ಯಾವುದು ಕೊಡಬಹುದು?

ಹೈಸ್ಕೂಲ್ ದಾಟಿದವರಿಗೆ ಅಯೆಂದೆಯವರ ಝೋರೋ. ಉಳಿದವು ದೊಡ್ಡವರಿಗೆ.

ಎಲ್ಲಿಂದ ಶುರು ಮಾಡಲಿ?

ಸ್ಪ್ಯಾನಿಷ್ ಬರದಿದ್ದರೆ ಇಂಗ್ಲಿಷ್ ಅನುವಾದದಲ್ಲಿ ‘ಹಿಹಾ ದೆ ಲಾ ಫೊರ್ತುನಾ’ ಸುಲಭವಾಗಿ ಸಿಗುತ್ತದೆ, ಸರಾಗವಾಗಿ ಓದಿಸಿಕೊಂಡು ಹೋಗುತ್ತದೆ. ಆಮೇಲೆ ‘ಚೀನಾ ಐರನ್’, ಇನ್ನೂರು ಪುಟದ ಒಳಗಿನದು, ಒಂದು ಭಾನುವಾರ ಸಾಕು. ದೊನೊಸೊ ಪುಸ್ತಕವನ್ನು ಮನಸ್ಸು ಗಟ್ಟಿಯಿದ್ದ ದಿನ ತೆಗೆಯಿರಿ, ಕೊನೆಯ ಪುಟಗಳ ಹೊಡೆತ ತುಂಬ ಹತ್ತಿರದಿಂದ ಬರೆದದ್ದು. ‘ಮಿಸೆರಿಕೋರ್ದಿಯಾ’ದ ಮೊದಲ ಮೂವತ್ತು ಪುಟದಲ್ಲಿ ಭಿಕ್ಷುಕರ ಹೆಸರುಗಳೇ ತಲೆ ತಿರುಗಿಸುತ್ತವೆ. ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಬೆನಿನಾ ಮನೆಗೆ ಬಂದು ಯಜಮಾನಿಯ ಮುಂದೆ ಪಾದ್ರಿಯ ಸುಳ್ಳು ಹೇಳುವ ಕಡೆ ತಲುಪಿದ ಮೇಲೆ ಚೀಟಿ ಬೇಕಾಗುವುದಿಲ್ಲ.